ಮೂರು ದಿಕ್ಕಿಗೆ ಮುಖ ಮಾಡಿದ ನುನಾವುಟ್: ವಿರಳ ವಸತಿಯ ಪ್ರದೇಶವೊಂದರ ಆಡಳಿತ ಭೂಗೋಳ

ಕೆನಡಾದ ಉತ್ತರ ತುದಿಯ ನುನಾವುಟ್ ಬಗ್ಗೆ ಬರೆದವರು ಬಹುಮಟ್ಟಿಗೆ ಎಲ್ಲರೂ ಒಂದು ಭಾಗಾಕಾರದಿಂದ ಶುರು ಮಾಡುತ್ತಾರೆ. ನೀರು ಸೇರಿ ವಿಸ್ತೀರ್ಣ ಸುಮಾರು 20.9 ಲಕ್ಷ ಚದರ ಕಿಲೋಮೀಟರ್; 2021ರ ಜನಗಣತಿಯಂತೆ ಜನ 36,858. ಭಾಗಿಸಿದರೆ ತಲೆಗೆ ಐವತ್ತು ಚದರ ಕಿ.ಮೀ.ಗೂ ಮಿಕ್ಕಿ ಬರುತ್ತದೆ. ಕರ್ನಾಟಕದಂಥ ಹತ್ತು ರಾಜ್ಯಗಳು ಹಿಡಿಸಿ ಇನ್ನೂ ಉಳಿಯುವಷ್ಟು ಜಾಗದಲ್ಲಿ ನಮ್ಮ ಸಣ್ಣ ತಾಲ್ಲೂಕು ಕೇಂದ್ರವೊಂದರಷ್ಟು ಜನ. ಲೆಕ್ಕ ಸರಿಯೇ, ಓದಿದವರಿಗೆ ಬೆರಗೂ ಆಗುತ್ತದೆ. ಆದರೆ ಅಲ್ಲಿನ ಆಡಳಿತ ಹೇಗೆ ನಡೆಯುತ್ತದೆ ಎಂದು ತಿಳಿಯಲು ಹೊರಟವರನ್ನು ಈ ಅಂಕಿ ದಾರಿ ತಪ್ಪಿಸುತ್ತದೆ. ಆ ಜನ ಅಷ್ಟು ವಿಸ್ತಾರದ ತುಂಬ ಚದುರಿ ಕೂತಿಲ್ಲ. 25 ಊರುಗಳಲ್ಲಿ ಕಟ್ಟಿಹಾಕಿದಂತೆ ಒಟ್ಟಿಗಿದ್ದಾರೆ. ಬೇಕರ್ ಲೇಕ್ ಒಂದನ್ನು ಬಿಟ್ಟರೆ ಎಲ್ಲವೂ ಕಡಲ ದಂಡೆಯ ಊರುಗಳು. ಐವರಲ್ಲಿ ಒಬ್ಬರು ರಾಜಧಾನಿ ಇಕಾಲುಯಿಟ್‌ನಲ್ಲೇ ಇದ್ದಾರೆ (2021ರಲ್ಲಿ 7,429). ರಾಂಕಿನ್ ಇನ್ಲೆಟ್, ಅರ್ವಿಯಾಟ್ ತಲಾ ಮೂರು ಸಾವಿರದ ಆಸುಪಾಸಿನ ಊರುಗಳು. ಎಲ್ಲಕ್ಕಿಂತ ಉತ್ತರದ ನಾಗರಿಕ ವಸತಿ ಗ್ರೀಸ್ ಫಿಯರ್ಡ್‌ನಲ್ಲಿ ಇನ್ನೂರು ಜನರೂ ಇಲ್ಲ. ಇದೆಲ್ಲದರ ನಡುವೆ ಒಂದು ವಿಚಿತ್ರವೂ ಇದೆ: ಭೂಮಿಯ ಮೇಲಿನ ಅತಿ ವಿರಳ ವಸತಿಯ ನಾಡುಗಳಲ್ಲೊಂದಾದ ಇಲ್ಲಿ ಮನೆಯೊಳಗಿನ ಇಕ್ಕಟ್ಟು ದಶಕಗಳಿಂದ ಬಗೆಹರಿಯದ ಸಮಸ್ಯೆ. ಸಾಕಷ್ಟು ಮನೆಗಳಿಲ್ಲದೆ ಎರಡು ಮೂರು ತಲೆಮಾರಿನವರು ಒಂದೇ ಸೂರಿನಡಿ ಇರಬೇಕಾಗುತ್ತದೆ.

ನನ್ನ ವಾದವನ್ನು ಮೊದಲೇ ಹೇಳಿಬಿಡುತ್ತೇನೆ. ನುನಾವುಟ್‌ಗೆ ಎರಡು ನಕ್ಷೆಗಳಿವೆ. ಒಂದು, ಬೇಟೆಗಾರರ ಓಡಾಟದಿಂದ ಮೂಡಿ 1999ರಲ್ಲಿ ಗಡಿರೇಖೆಯಾದ ನಕ್ಷೆ. ಇನ್ನೊಂದು, ವಿಮಾನ, ಹಡಗು, ಆಸ್ಪತ್ರೆ, ಅಂಚೆಗಳ ನಕ್ಷೆ. ಅದರ ಗೆರೆಗಳೆಲ್ಲ ದಕ್ಷಿಣದ ಬೇರೆ ಬೇರೆ ನಗರಗಳಿಗೆ ಹೋಗಿ ಸೇರುತ್ತವೆ. ಮೊದಲನೆಯದು ಹಕ್ಕನ್ನು ಕೊಟ್ಟಿತು, ದಿನನಿತ್ಯದ ಆಡಳಿತ ನಡೆಯುವುದು ಎರಡನೆಯದರ ಮೇಲೆ. ಇವೆರಡನ್ನೂ ಕೂಡಿಸಲು ಮಾಡಿದ ಯತ್ನಗಳ ಕಥೆಯೇ ಕಳೆದ ಕಾಲು ಶತಮಾನದ ನುನಾವುಟ್ ಆಡಳಿತದ ಇತಿಹಾಸ ಎಂದು ನನಗನಿಸುತ್ತದೆ.

ದೂರದ ಮಾತನ್ನೇ ಮೊದಲು ತೆಗೆದುಕೊಳ್ಳೋಣ. ಬಾಫಿನ್ ದ್ವೀಪದ ಆಗ್ನೇಯ ಮೂಲೆಯಲ್ಲಿರುವ ಇಕಾಲುಯಿಟ್‌ನಿಂದ ಪಶ್ಚಿಮದ ಕುಗ್ಲುಕ್ಟುಕ್‌ಗೆ ನೇರ ಗೆರೆ ಎಳೆದರೆ ಸುಮಾರು 2,100 ಕಿ.ಮೀ. ಇಕಾಲುಯಿಟ್‌ನಿಂದ ಕೆನಡಾದ ರಾಜಧಾನಿ ಆಟವಾಗೂ ಹೆಚ್ಚುಕಡಿಮೆ ಅಷ್ಟೇ. ಕುಗ್ಲುಕ್ಟುಕ್‌ನವರಿಗೆ ನೆರೆಯ ನಾರ್ತ್‌ವೆಸ್ಟ್ ಟೆರಿಟರೀಸ್‌ನ ರಾಜಧಾನಿ ಯೆಲೋನೈಫ್ ಹತ್ತಿರ, 600 ಕಿ.ಮೀ. ಮಾತ್ರ. ತಮ್ಮದೇ ರಾಜಧಾನಿಗೆ ಹೊರಟರೂ ಸಾಮಾನ್ಯವಾಗಿ ಮೊದಲು ಇಳಿಯುವುದು ಯೆಲೋನೈಫ್‌ನಲ್ಲೇ. ಊರಿಂದ ಊರಿಗೆ ರಸ್ತೆಯೆಂಬುದಿಲ್ಲ. ಆರ್ಕ್ಟಿಕ್ ಬೇಯಿಂದ ಈಗ ಮುಚ್ಚಿಹೋಗಿರುವ ನಾನಿಸಿವಿಕ್ ಗಣಿಯವರೆಗೆ ಒಂದು ಚಿಕ್ಕ ರಸ್ತೆಯಿದೆ, ಬೇಕರ್ ಲೇಕ್‌ನಿಂದ ಮೆಡೋಬ್ಯಾಂಕ್ ಚಿನ್ನದ ಗಣಿಗೆ ಇನ್ನೊಂದು. ಎರಡೂ ಗಣಿಗಾಗಿ ಹುಟ್ಟಿದವು. ರೈಲು ಇಲ್ಲವೇ ಇಲ್ಲ. ವಿದ್ಯುತ್ ಜಾಲವೂ ಇಲ್ಲ: ಸರ್ಕಾರಿ ಕಂಪನಿ ಕುಲ್ಲಿಕ್ ಎನರ್ಜಿ ಊರೂರಿಗೆ ಪ್ರತ್ಯೇಕ ಡೀಸೆಲ್ ಸ್ಥಾವರ ನಡೆಸುತ್ತದೆ, ಒಂದು ಊರಿನಲ್ಲಿ ಕೆಟ್ಟರೆ ಪಕ್ಕದೂರಿನಿಂದ ತಂತಿಯಲ್ಲಿ ಕರೆಂಟು ಎಳೆಯುವ ದಾರಿಯಿಲ್ಲ. ಇಡೀ ವರ್ಷಕ್ಕೆ ಬೇಕಾದ ಡೀಸೆಲ್ ಬೇಸಿಗೆಯ ಮೂರು ನಾಲ್ಕು ತಿಂಗಳಲ್ಲೇ ಟ್ಯಾಂಕರ್ ಹಡಗಿನಲ್ಲಿ ಬಂದು ಊರಿನ ತೊಟ್ಟಿಗಳನ್ನು ತುಂಬಬೇಕು. ಮರಮುಟ್ಟು, ವಾಹನ, ಅಂಗಡಿಯ ಮೂಟೆಗಳೂ ಅದೇ ಅವಧಿಯಲ್ಲಿ ಬರಬೇಕು. ಇಕಾಲುಯಿಟ್‌ನಲ್ಲಿ ಉಬ್ಬರ ಇಳಿತದ ಅಂತರವೇ ಹತ್ತು ಮೀಟರ್ ಮೀರುತ್ತದೆ. ಆಳ ನೀರಿನ ಬಂದರು ಆಗುವವರೆಗೆ ಅಲ್ಲಿ ಹಡಗು ದೂರದಲ್ಲೇ ಲಂಗರು ಹಾಕಿ, ಉಬ್ಬರದ ಹೊತ್ತು ನೋಡಿಕೊಂಡು ಬಾರ್ಜ್‌ಗಳಲ್ಲಿ ಸರಕನ್ನು ದಡಕ್ಕೆ ಸಾಗಿಸುತ್ತಿತ್ತು.

ಈ ಸರಕಿನ ದಾರಿಗಳು ಎಲ್ಲಿಂದ ಬರುತ್ತವೆ ಎಂಬುದೇ ಮುಖ್ಯ. ನುನಾವುಟ್ ಆಡಳಿತದ ಅನುಕೂಲಕ್ಕೆ ಮೂರು ವಲಯಗಳಾಗಿದೆ: ಪೂರ್ವದಲ್ಲಿ ಕಿಕಿಕ್ತಾಲುಕ್, ಹಡ್ಸನ್ ಕೊಲ್ಲಿಯ ಪಶ್ಚಿಮ ದಂಡೆಯಲ್ಲಿ ಕಿವಾಲ್ಲಿಕ್, ಪಶ್ಚಿಮದಲ್ಲಿ ಕಿಟಿಕ್‌ಮಿಯೋಟ್. ಇವಕ್ಕೆ ಚುನಾಯಿತ ವಲಯ ಸರ್ಕಾರಗಳಿಲ್ಲ, ಇಲಾಖೆಗಳ ವಲಯ ಕಚೇರಿಗಳಿವೆ ಅಷ್ಟೇ. ಆದರೆ ಬದುಕಿನ ಲೆಕ್ಕದಲ್ಲಿ ಇವು ಮೂರು ಬಾವಿಗಳಿಂದ ನೀರು ಸೇದುವ ಮೂರು ಮನೆಗಳಂತಿವೆ. ಕಿಕಿಕ್ತಾಲುಕ್‌ನ ಸರಕು ಮಾಂಟ್ರಿಯಲ್ ಕಡೆಯಿಂದ ಬರುತ್ತದೆ, ಇಕಾಲುಯಿಟ್ ಆಸ್ಪತ್ರೆಯಲ್ಲಿ ಆಗದ ಚಿಕಿತ್ಸೆಗೆ ರೋಗಿ ಹಾರುವುದು ಆಟವಾಗೆ. ಕಿವಾಲ್ಲಿಕ್‌ನವರಿಗೆ ದೊಡ್ಡಾಸ್ಪತ್ರೆಯೆಂದರೆ ಮನಿಟೋಬ ಪ್ರಾಂತದ ವಿನಿಪೆಗ್. ಕಿಟಿಕ್‌ಮಿಯೋಟ್‌ನವರು ಯೆಲೋನೈಫ್‌ಗೂ ಅಲ್ಲಿಂದ ಎಡ್ಮಂಟನ್‌ಗೂ ಹೋಗುತ್ತಾರೆ. ಬಹುಪಾಲು ಊರುಗಳಲ್ಲಿ ಇರುವುದು ನರ್ಸ್‌ಗಳು ನಡೆಸುವ ಆರೋಗ್ಯ ಕೇಂದ್ರ. ಹೆರಿಗೆಗೆ ಕೆಲವು ವಾರ ಇರುವಾಗಲೇ ಬಸುರಿಯನ್ನು ಊರು ಬಿಡಿಸಿ ಕಳಿಸುವುದು ವಾಡಿಕೆ. ಹಾಗಾಗಿ ನುನಾವುಟ್‌ನ ಎಷ್ಟೋ ಮಕ್ಕಳ ಜನನ ಬೇರೆ ಬೇರೆ ಪ್ರಾಂತಗಳ ನಗರಗಳಲ್ಲಿ ಆಗುತ್ತದೆ.

2018ರ ಬೇಸಿಗೆ ಈ ಅವಲಂಬನೆಯನ್ನು ಬಯಲಿಗೆ ತಂದಿತು. ಕಿಟಿಕ್‌ಮಿಯೋಟ್‌ನ ಕೆಲವು ಊರುಗಳಿಗೆ ಸರಕು ಬರುವ ಒಂದು ಹಳೆಯ ದಾರಿ ಮೆಕೆಂಜಿ ನದಿಯದು: ಹೇ ರಿವರ್‌ನಲ್ಲಿ ಬಾರ್ಜ್ ತುಂಬಿ, ನದಿಯಗುಂಟ ಇಳಿದು, ಆರ್ಕ್ಟಿಕ್ ಸಾಗರ ಸೇರಿ, ಪೂರ್ವಕ್ಕೆ ತಿರುಗುವುದು. ಅಷ್ಟು ಹೊತ್ತಿಗೆ ಆ ಸೇವೆಯನ್ನು ನಡೆಸುತ್ತಿದ್ದುದು ನಾರ್ತ್‌ವೆಸ್ಟ್ ಟೆರಿಟರೀಸ್ ಸರ್ಕಾರ. ಆ ವರ್ಷ ಕಡಲ ಹಿಮಗಡ್ಡೆ ದಾರಿ ಬಿಡದೆ ಕುಗ್ಲುಕ್ಟುಕ್, ಕೇಂಬ್ರಿಜ್ ಬೇ, ಜತೆಗೆ ತನ್ನದೇ ಊರಾದ ಪೌಲಟುಕ್‌ಗೆ ಹೋಗಬೇಕಿದ್ದ ಬಾರ್ಜ್‌ಗಳನ್ನು ಅದು ರದ್ದು ಮಾಡಿತು. ಒಂದಿಷ್ಟು ಸರಕು ವಿಮಾನದಲ್ಲಿ ಹೋಯಿತು, ಉಳಿದದ್ದು ಮುಂದಿನ ಬೇಸಿಗೆಗೆ ಕಾದಿತು. ನಾರ್ತ್‌ವೆಸ್ಟ್ ಟೆರಿಟರೀಸ್‌ನಿಂದ ನುನಾವುಟ್ ಬೇರೆಯಾಗಿ ಆಗಲೇ ಹತ್ತೊಂಬತ್ತು ವರ್ಷ ಕಳೆದಿತ್ತು. ತನ್ನ ಎರಡು ಊರುಗಳ ಮರಮುಟ್ಟಿನ ಮಾತನ್ನು ನುನಾವುಟ್ ನೆರೆಯ ಸರ್ಕಾರದೊಂದಿಗೆ ಆಡಬೇಕಾಯಿತು. ಇಂಥ ಹಳೆಯ ಕೂಡುಬಾಳಿನ ಗುರುತುಗಳು ಬೇರೆಡೆಯೂ ಉಳಿದಿವೆ. ದೂರವಾಣಿಯ 867 ಸಂಕೇತ ಉತ್ತರದ ಮೂರೂ ಪ್ರದೇಶಗಳಿಗೆ ಒಂದೇ. ಅಂಚೆ ಸಂಕೇತದ ಮೊದಲಕ್ಷರ ನುನಾವುಟ್‌ಗೂ ಪಶ್ಚಿಮದ ನೆರೆಗೂ ಒಂದೇ; ಒಳಗೆ ಮಾತ್ರ ಮೂರು ವಲಯಗಳಿಗೆ ಮೂರು ವಿಭಾಗ.

ಈ ಗೆರೆಗಳು ದಕ್ಷಿಣಕ್ಕೇ ಯಾಕೆ ಓಡುತ್ತವೆ ಎಂದರೆ ಊರುಗಳು ಹುಟ್ಟಿದ ಬಗೆಯಲ್ಲೇ ಉತ್ತರವಿದೆ. ಹಡ್ಸನ್ಸ್ ಬೇ ಕಂಪನಿಯ ಒಡೆತನದಲ್ಲಿದ್ದ ರೂಪರ್ಟ್ಸ್ ಲ್ಯಾಂಡ್ 1870ರಲ್ಲಿ ಕೆನಡಾದ ಕೈಗೆ ಬಂತು. ಆರ್ಕ್ಟಿಕ್ ದ್ವೀಪಗಳನ್ನು ಬ್ರಿಟನ್ 1880ರಲ್ಲಿ ಒಪ್ಪಿಸಿತು. ಒಪ್ಪಿಸಿದ ಮೇಲೂ ಅಲ್ಲಿ ಆಡಳಿತವೆಂಬುದು ದೀರ್ಘಕಾಲ ಇರಲಿಲ್ಲ. ಪರದೇಶದವರು ಹಕ್ಕು ಸ್ಥಾಪಿಸಿಯಾರು ಎಂಬ ಭಯ ಹುಟ್ಟಿದಾಗ, 1922ರಿಂದ ವರ್ಷಕ್ಕೊಮ್ಮೆ ಹಡಗು ಕಳಿಸುವ ಪರಿಪಾಠ ಶುರುವಾಯಿತು. ಅದೇ ವರ್ಷ ಎಲ್ಸ್‌ಮಿಯರ್ ದ್ವೀಪದ ಕ್ರೇಗ್ ಹಾರ್ಬರ್‌ನಲ್ಲಿ ಪೊಲೀಸ್ ಠಾಣೆ ಕುಳಿತಿತು. 1926ರಲ್ಲಿ ಇನ್ನೂ ಉತ್ತರದ ಬಾಷ್ ಪೆನಿನ್ಸುಲದಲ್ಲಿ ಮತ್ತೊಂದು ಠಾಣೆಯೂ ಅಂಚೆ ಕಚೇರಿಯೂ ಬಂದವು. ಸುತ್ತ ಊರಿರಲಿಲ್ಲ, ಪತ್ರ ಬರೆಯುವವರೂ ಇರಲಿಲ್ಲ. ಆ ಅಂಚೆ ಮೊಹರು ಪರದೇಶಗಳ ವಿದೇಶಾಂಗ ಕಚೇರಿಗಳಿಗೆ ತೋರಿಸಲಿಕ್ಕೆ ಇದ್ದದ್ದು. ಆಡಳಿತ ಇತಿಹಾಸದಲ್ಲಿ ಇಷ್ಟು ನೇರವಾಗಿ ತನ್ನ ಉದ್ದೇಶ ಹೇಳಿಕೊಂಡ ಕಚೇರಿ ಅಪರೂಪ.

ಜನರ ಹೊಣೆಯ ವಿಷಯ ಬಂದಾಗ ಮಾತ್ರ ಇಷ್ಟು ಆಸ್ಥೆ ಕಾಣುವುದಿಲ್ಲ. ಆರ್ಕ್ಟಿಕ್‌ನ ಮೂಲನಿವಾಸಿಗಳಾದ ಇನುಯಿಟ್‌ರಲ್ಲಿ ಕ್ವಿಬೆಕ್‌ನ ಜನರಿಗೆ ಹೊಟ್ಟೆಗಿಲ್ಲದಾಗ ನೆರವಿನ ಖರ್ಚು ಪ್ರಾಂತದ್ದೋ ಕೇಂದ್ರದ್ದೋ ಎಂಬ ಜಗಳ ಕೆನಡಾದ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಅವರು ಕೇಂದ್ರದ ಹೊಣೆ ಎಂದು 1939ರಲ್ಲಿ ತೀರ್ಪಾಯಿತು. ಎರಡೇ ವರ್ಷದಲ್ಲಿ, 1941ರಿಂದ, ಪ್ರತಿ ಇನುಯಿಟ್ ವ್ಯಕ್ತಿಗೂ ಸಂಖ್ಯೆ ಕೆತ್ತಿದ ಒಂದು ಬಿಲ್ಲೆ ಬಂತು. ಪೂರ್ವದವರ ಸಂಖ್ಯೆಗೆ ‘ಇ’, ಪಶ್ಚಿಮದವರದಕ್ಕೆ ‘ಡಬ್ಲ್ಯೂ’, ಮುಂದೆ ಜಿಲ್ಲೆಯ ಅಂಕಿ, ಆಮೇಲೆ ವ್ಯಕ್ತಿಯ ಅಂಕಿ. ಕುಟುಂಬನಾಮದ ಪದ್ಧತಿಯಿಲ್ಲದ ಸಮಾಜವನ್ನು ಕಡತಕ್ಕೆ ಇಳಿಸಲು ಅಧಿಕಾರಿಗಳು ಕಂಡುಕೊಂಡ ಉಪಾಯವಿದು. ಏಬ್ ಓಕ್ಪಿಕ್ ಎಂಬ ಇನುಯಿಟ್ ಮುಂದಾಳು 1960ರ ದಶಕದ ಕೊನೆಯಿಂದ ಊರೂರು ಸುತ್ತಿ ಜನರಿಂದಲೇ ಕುಟುಂಬನಾಮ ಆರಿಸಿ ಬರೆಸಿದ ಮೇಲೆ ಬಿಲ್ಲೆಗಳು ಮೂಲೆ ಸೇರಿದವು. ನನ್ನ ವಾದಕ್ಕೆ ಇದರಲ್ಲಿ ಬೇಕಾದ್ದು ಇಷ್ಟು: ಬಿಲ್ಲೆಯ ಜಿಲ್ಲೆಗಳು ಬೇಟೆಯ ನೆಲೆಗಳನ್ನೋ ಭಾಷಾ ಪ್ರಭೇದಗಳನ್ನೋ ನೋಡಿ ಮಾಡಿದವಲ್ಲ, ದಕ್ಷಿಣದ ಕಡತಕ್ಕೆ ಹೊಂದುವಂತೆ ಮಾಡಿದವು.

ಊರುಗಳ ಹುಟ್ಟೂ ಹಾಗೆಯೇ. ಇಕಾಲುಯಿಟ್ 1942ರಲ್ಲಿ ಅಮೆರಿಕದ ವಾಯುನೆಲೆಯಾಗಿ ಶುರುವಾಯಿತು. 1987ರವರೆಗೆ ಅದರ ಅಧಿಕೃತ ಹೆಸರು ಫ್ರೋಬಿಷರ್ ಬೇ. ರೆಸಲ್ಯೂಟ್ 1947ರ ಹವಾಮಾನ ಕೇಂದ್ರ. ರಾಂಕಿನ್ ಇನ್ಲೆಟ್ 1957ರಿಂದ 1962ರವರೆಗೆ ನಡೆದ ನಿಕ್ಕಲ್ ಗಣಿಯ ಸುತ್ತ ಬೆಳೆದದ್ದು. ಕೇಂಬ್ರಿಜ್ ಬೇಯನ್ನು ದೊಡ್ಡದು ಮಾಡಿದ್ದು ಶೀತಲ ಸಮರದ ರಡಾರ್ ಸಾಲು. ಗ್ರೀಸ್ ಫಿಯರ್ಡ್‌ನ ಕಥೆ ಎಲ್ಲಕ್ಕಿಂತ ಕಹಿ. 1953ರಲ್ಲಿ ಸರ್ಕಾರ ಕ್ವಿಬೆಕ್‌ನ ಇನುಕ್‌ಜುವಾಕ್‌ನಿಂದ ಕೆಲವು ಕುಟುಂಬಗಳನ್ನೂ ಪಾಂಡ್ ಇನ್ಲೆಟ್‌ನ ಕೆಲವರನ್ನೂ ಹಡಗಿಗೆ ಹತ್ತಿಸಿ ಎಲ್ಸ್‌ಮಿಯರ್ ಮತ್ತು ಕಾರ್ನ್‌ವಾಲಿಸ್ ದ್ವೀಪಗಳಲ್ಲಿ ಇಳಿಸಿತು. ಚಳಿಗಾಲದಲ್ಲಿ ತಿಂಗಳುಗಟ್ಟಲೆ ಸೂರ್ಯ ಕಾಣದ ಜಾಗವದು. ಇನುಕ್‌ಜುವಾಕ್‌ನಿಂದ ಬಂದವರಿಗೆ ಆ ಕತ್ತಲಿನ ಬೇಟೆಯ ರೂಢಿ ಇರಲಿಲ್ಲ. ಮಾತು ಕೊಟ್ಟಿದ್ದಂತೆ ಅವರನ್ನು ವಾಪಸು ಕರೆತರಲೂ ಇಲ್ಲ. ಕೇಂದ್ರ ಸರ್ಕಾರ ಕ್ಷಮೆ ಕೇಳಿದ್ದು 2010ರ ಆಗಸ್ಟ್‌ನಲ್ಲಿ. ಈ ಊರುಗಳಲ್ಲಿ ಯಾವುದೂ ಇನ್ನೊಂದಕ್ಕೆ ಜೋಡಿಯಾಗಿ ಬೆಳೆದದ್ದಲ್ಲ. ಹುಟ್ಟುವಾಗಲೇ ಒಂದೊಂದರ ಹಗ್ಗವೂ ದಕ್ಷಿಣದ ಒಂದೊಂದು ಬಂದರಿಗೋ ವಿಮಾನ ನಿಲ್ದಾಣಕ್ಕೋ ಕಟ್ಟಿಕೊಂಡಿತ್ತು.

ಇನ್ನು ಇನ್ನೊಂದು ನಕ್ಷೆ. 1970ರ ದಶಕದಲ್ಲಿ ಇನುಯಿಟ್ ಸಂಘಟನೆ ಭೂಹಕ್ಕಿನ ಮಾತೆತ್ತಿದಾಗ ಮೊದಲ ಪ್ರಶ್ನೆ ಬಂದದ್ದು ಪುರಾವೆಯದು. ಖಾಲಿ ಕಾಣುವ ಈ ನೆಲದಲ್ಲಿ ನಿಮ್ಮದು ಯಾವುದು? ಅದಕ್ಕೆ ಉತ್ತರವಾಗಿ ನಡೆದ ಅಧ್ಯಯನ ಮಿಲ್ಟನ್ ಫ್ರೀಮನ್ ನೇತೃತ್ವದ್ದು, 1976ರಲ್ಲಿ ಮೂರು ಸಂಪುಟಗಳಾಗಿ ಹೊರಬಂತು. ಊರೂರಿನ ಬೇಟೆಗಾರರನ್ನು ಕೂರಿಸಿ, ಹಾಳೆಯ ಮೇಲೆ ಅವರವರ ಜೀವಮಾನದ ಓಡಾಟವನ್ನು ಅವರಿಂದಲೇ ಗುರುತು ಹಾಕಿಸಿದರು: ಕ್ಯಾರಿಬೂ ಹಿಡಿದದ್ದೆಲ್ಲಿ, ಸೀಲ್‌ಗೆ ಕಾದದ್ದೆಲ್ಲಿ, ನರಿಗೆ ಬೋನು ಇಟ್ಟ ದಾರಿ ಯಾವುದು, ಮೀನು ಹಿಡಿದ ಕೆರೆ ಯಾವುದು. ಒಬ್ಬೊಬ್ಬರ ಹಾಳೆಯನ್ನೂ ಒಂದರ ಮೇಲೊಂದು ಇಟ್ಟು ನೋಡಿದಾಗ ಖಾಲಿ ಜಾಗ ಬಹಳ ಉಳಿಯಲಿಲ್ಲ. ಒಂದು ಊರಿನವರ ಗೆರೆಗಳು ಪಕ್ಕದೂರಿನವರ ಗೆರೆಗಳಿಗೆ ಹೆಣೆದುಕೊಂಡಿದ್ದವು. ಗೆರೆಗಳಲ್ಲಿ ದೊಡ್ಡ ಪಾಲು ನೆಲದ ಮೇಲಿರದೆ ಹೆಪ್ಪುಗಟ್ಟಿದ ಕಡಲ ಮೇಲಿತ್ತು ಎಂಬುದನ್ನು ಇಲ್ಲೇ ಗುರುತಿಟ್ಟುಕೊಳ್ಳಬೇಕು. ಜನಸಾಂದ್ರತೆಯ ಭಾಗಾಕಾರ ಅಳೆಯಲಾಗದ್ದನ್ನು ಈ ಹಾಳೆಗಳು ಅಳೆದವು. ನೂರಾರು ಜನ ಮಲಗಿ ಏಳುವುದು ಒಂದು ಸಣ್ಣ ಊರಿನಲ್ಲಾದರೂ ಅವರ ಬದುಕಿಗೆ ಬೇಕಾದ ವಿಸ್ತಾರ ಸಾವಿರಾರು ಚದರ ಕಿಲೋಮೀಟರಿನದಿರಬಹುದು.

ಮುಂದಿನದು ರಾಜಕೀಯದ ಕಥೆ, ಹಲವರು ಬರೆದಿದ್ದಾರೆ, ಬೇಗ ದಾಟುತ್ತೇನೆ. ನಾರ್ತ್‌ವೆಸ್ಟ್ ಟೆರಿಟರೀಸನ್ನು ಒಡೆಯಬೇಕೇ ಎಂದು 1982ರಲ್ಲಿ ಕೇಳಿದಾಗ ಶೇ. 56ರಷ್ಟು ಮತ ಹೌದೆಂದಿತು. ಪಶ್ಚಿಮದ ಇನುವಿಯಾಲುಯಿಟ್ ಜನ 1984ರಲ್ಲಿ ತಮ್ಮದೇ ಒಪ್ಪಂದ ಮಾಡಿಕೊಂಡು ಹೊರಗುಳಿದರು. ಗಡಿಯ ಜಗಳ ಬಗೆಹರಿಸಲು ಮಾಜಿ ಕಮಿಷನರ್ ಜಾನ್ ಪಾರ್ಕರ್ 1991ರಲ್ಲಿ ಎಳೆದ ಗೆರೆ ಮರು ವರ್ಷದ ಜನಮತದಲ್ಲಿ ಶೇ. 54ರ ಸಣ್ಣ ಬಹುಮತದಿಂದ ಒಪ್ಪಿಗೆಯಾಯಿತು. 1993ರ ಮೇ 25ರಂದು ಭೂಹಕ್ಕು ಒಪ್ಪಂದಕ್ಕೆ ಸಹಿ ಬಿತ್ತು, 1999ರ ಏಪ್ರಿಲ್ 1ರಂದು ನುನಾವುಟ್ ಅಸ್ತಿತ್ವಕ್ಕೆ ಬಂತು.

ಗಡಿಯ ದಕ್ಷಿಣ ತುದಿಯಲ್ಲಿ ಒಂದು ಸ್ವಾರಸ್ಯವಿದೆ, ಅದನ್ನು ಬಿಟ್ಟು ಮುಂದೆ ಹೋಗಲು ಮನಸ್ಸಾಗುವುದಿಲ್ಲ. ಹಡ್ಸನ್ ಕೊಲ್ಲಿ ಮತ್ತು ಅದರ ಬಾಲದಂತಿರುವ ಜೇಮ್ಸ್ ಕೊಲ್ಲಿಯ ದ್ವೀಪಗಳೆಲ್ಲ ನುನಾವುಟ್‌ಗೆ ಸೇರಿವೆ. 1912ರಲ್ಲಿ ಕ್ವಿಬೆಕ್, ಒಂಟಾರಿಯೊ, ಮನಿಟೋಬ ಪ್ರಾಂತಗಳನ್ನು ಕೊಲ್ಲಿಯ ದಂಡೆವರೆಗೆ ಹಿಗ್ಗಿಸಿದಾಗ ದ್ವೀಪಗಳನ್ನು ಅವಕ್ಕೆ ಕೊಡಲಿಲ್ಲ; ಅವು ನಾರ್ತ್‌ವೆಸ್ಟ್ ಟೆರಿಟರೀಸ್‌ನಲ್ಲೇ ಉಳಿದು, ಅಲ್ಲಿಂದ ನುನಾವುಟ್‌ಗೆ ಬಂದವು. ಪರಿಣಾಮವಾಗಿ ಆರ್ಕ್ಟಿಕ್ ಪ್ರದೇಶವೆಂದು ನಾವು ಕರೆಯುವ ಈ ನಾಡಿನ ತೀರ ದಕ್ಷಿಣದ ದ್ವೀಪಗಳು ಹೆಚ್ಚುಕಡಿಮೆ ಲಂಡನ್ ನಗರದ ಅಕ್ಷಾಂಶದಲ್ಲಿವೆ. ಒಂಟಾರಿಯೊ ದಡಕ್ಕೆ ಹತ್ತಿರದ ಅಕಿಮಿಸ್ಕಿ ದೊಡ್ಡ ದ್ವೀಪ, ಅಲ್ಲಿ ಸ್ಥಿರ ವಸತಿಯಿಲ್ಲ. ಅದನ್ನು ತಲೆಮಾರುಗಳಿಂದ ಬಳಸಿದವರು ಎದುರು ದಡದ ಕ್ರೀ ಜನ. ಜನವಸತಿಯಿರುವ ಸಾನಿಕಿಲುವಾಕ್ ಬೆಲ್ಚರ್ ದ್ವೀಪಗಳಲ್ಲಿದೆ. ಅಲ್ಲಿಂದ ಕ್ವಿಬೆಕ್‌ನ ಕೂಜುವಾರಾಪಿಕ್ ಸುಮಾರು 160 ಕಿ.ಮೀ., ಇಕಾಲುಯಿಟ್ ಸಾವಿರ ಕಿ.ಮೀ. ಹತ್ತಿರ. ಆಡಳಿತದಲ್ಲಿ ಅದು ಕಿಕಿಕ್ತಾಲುಕ್ ವಲಯದ ಊರು. ಕ್ವಿಬೆಕ್ ಕಡೆಯ ಇನುಯಿಟ್ ಮತ್ತು ಕ್ರೀ ಸಮುದಾಯಗಳು ಈ ದ್ವೀಪಗಳ ಮೇಲಿನ ತಮ್ಮ ಹಕ್ಕನ್ನು ಆಮೇಲೆ ಬೇರೆಯೇ ಒಪ್ಪಂದಗಳ ಮೂಲಕ, 2006 ಮತ್ತು 2010ರ ಸಹಿಗಳಲ್ಲಿ, ಪಡೆದುಕೊಂಡವು. ಅಂದರೆ ನುನಾವುಟ್‌ನ ಒಳಗಿನ ಕೆಲವು ನೆಲದ ಒಡೆಯರು ನುನಾವುಟ್ ನಿವಾಸಿಗಳಲ್ಲ. ಪಾರ್ಕರ್ ಗೆರೆಯ ಪಶ್ಚಿಮದ ಗಡಿಯ ಬಗ್ಗೆ ಆದಷ್ಟು ಚರ್ಚೆ ಈ ದಕ್ಷಿಣದ ಗಡಿಯ ಬಗ್ಗೆ ಆಗಿಲ್ಲ, ಆಗಬೇಕಿತ್ತು.

1999ರ ಹೊಸ ಸರ್ಕಾರದ ಮುಂದೆ ಇದ್ದ ಕೆಲಸ ಮೂರು ದಿಕ್ಕಿನ ಹಗ್ಗಗಳನ್ನು ಒಂದು ಗೂಟಕ್ಕೆ ತರುವುದು. ರಾಜಧಾನಿಯ ಆಯ್ಕೆ 1995ರ ಡಿಸೆಂಬರ್‌ನಲ್ಲೇ ಜನಮತಕ್ಕೆ ಬಂದಿತ್ತು. ನಕ್ಷೆಯ ನಡುವಿಗೆ ಹತ್ತಿರದ ರಾಂಕಿನ್ ಇನ್ಲೆಟ್ ಸೋತು, ಜನ ಹೆಚ್ಚಿರುವ ಇಕಾಲುಯಿಟ್ ಸುಮಾರು ಶೇ. 60 ಮತದಿಂದ ಗೆದ್ದಿತು. ಅಂಚಿನಲ್ಲಿ ಕೂತ ರಾಜಧಾನಿಗೆ ಪರಿಹಾರವೆಂಬಂತೆ, ಜಾನ್ ಅಮಗೋವಾಲಿಕ್ ಅಧ್ಯಕ್ಷತೆಯ ಅನುಷ್ಠಾನ ಆಯೋಗ ಸರ್ಕಾರಿ ಹುದ್ದೆಗಳನ್ನು ಹಂಚಲು ಸಲಹೆ ಮಾಡಿತು. ಅದರಂತೆ ಇಗ್ಲೂಲಿಕ್, ಅರ್ವಿಯಾಟ್, ಯೋವಾ ಹೇವನ್, ಕುಗ್ಲುಕ್ಟುಕ್ ಸೇರಿ ಹತ್ತು ಊರುಗಳಿಗೆ ಇಲಾಖೆಗಳ ತುಂಡುಗಳು ಹೋದವು. ಒಪ್ಪಂದದಡಿ ಹುಟ್ಟಿದ ಮಂಡಳಿಗಳೂ ಹೀಗೆ ಚದುರಿವೆ: ಯೋಜನೆಗಳ ಪರಿಣಾಮ ಪರಿಶೀಲಿಸುವ ಮಂಡಳಿ ಕೇಂಬ್ರಿಜ್ ಬೇಯಲ್ಲಿ, ಜಲ ಮಂಡಳಿ ಯೋವಾ ಹೇವನ್‌ನಲ್ಲಿ, ವನ್ಯಜೀವಿ ಮಂಡಳಿ ಇಕಾಲುಯಿಟ್‌ನಲ್ಲಿ. ಸಣ್ಣ ಊರಿಗೆ ಸಂಬಳ ತರುವ ಉದ್ಯೋಗ ಬಂತು ಎಂಬುದು ನಿಜವಾದ ಲಾಭ. ಆದರೆ ಒಂದು ಇಲಾಖೆಯ ಕಾರ್ಯದರ್ಶಿ ಒಂದೂರಿನಲ್ಲಿ, ಅವರ ವಿಭಾಗ ಇನ್ನೊಂದೂರಿನಲ್ಲಿ, ನಡುವೆ ಎರಡು ವಿಮಾನ ಬದಲಾವಣೆ ಎಂದರೆ ಕಡತ ಹೇಗೆ ಓಡೀತು? ಒಬ್ಬ ನೌಕರ ಬಿಟ್ಟುಹೋದರೆ ಬೇರೆಯವರನ್ನು ಕರೆತರುವ ಮೊದಲು ಅವರಿಗೊಂದು ಸರ್ಕಾರಿ ಮನೆ ಹುಡುಕಬೇಕು. ಮನೆಗಳ ಕೊರತೆಯನ್ನು ಮೇಲೆ ಹೇಳಿದೆ. ಹಂಚಿಕೆಯ ತತ್ವ ಸರಿಯಾಗಿತ್ತು ಎಂದೇ ನನ್ನ ಅಭಿಪ್ರಾಯ, ಆದರೆ ಅದು ಬೇಡುತ್ತಿದ್ದದ್ದು ಊರಿಂದೂರಿಗೆ ನೇರ ಸಂಪರ್ಕ. ಅದು ಬರಲಿಲ್ಲ.

ಗಡಿಯಾರದ ಪ್ರಸಂಗ ಇನ್ನೂ ಮಾರ್ಮಿಕ. ನುನಾವುಟ್ ಹರಡಿರುವುದು ಮೂರು ಸಮಯ ವಲಯಗಳ ಮೇಲೆ. ಒಂದು ಸರ್ಕಾರಕ್ಕೆ ಒಂದು ವೇಳೆ ಇರಲಿ ಎಂದು ಹೊಸ ಸರ್ಕಾರ 1999ರ ಅಕ್ಟೋಬರ್ ಕೊನೆಯಲ್ಲಿ ಇಡೀ ಪ್ರದೇಶವನ್ನು ಮಧ್ಯ ವಲಯದ ವೇಳೆಗೆ ತಂದಿತು. ಕಚೇರಿಗಳ ಫೋನು, ಸಭೆಗಳಿಗೆ ಅನುಕೂಲವಾದೀತು ಎಂಬ ಲೆಕ್ಕ. ಇಕಾಲುಯಿಟ್‌ನಲ್ಲಿ ಡಿಸೆಂಬರ್‌ನ ಸೂರ್ಯ ಹೇಗೂ ಮಧ್ಯಾಹ್ನ ಎರಡರೊಳಗೆ ಮುಳುಗುತ್ತಾನೆ. ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸಿದ ಮೇಲೆ ಒಂದು ಗಂಟೆ ಹೊಡೆಯುವ ಮೊದಲೇ ಕತ್ತಲಾಗತೊಡಗಿತು. ಬಾಫಿನ್ ದ್ವೀಪದಲ್ಲಿ ಗೊಣಗಾಟ ಜೋರಾಯಿತು. ಪಾಂಗ್ನಿರ್ಟುಂಗ್‌ನಂಥ ಕಡೆ ಜನ ಹಳೆಯ ವೇಳೆಯನ್ನೇ ಹಿಡಿದು ಕೂತರು. ಸರ್ಕಾರ ಮಧ್ಯೆ ಒಂದೆರಡು ಬದಲಾವಣೆ ಮಾಡಿ ನೋಡಿ, 2001ರ ಏಪ್ರಿಲ್‌ನಲ್ಲಿ ಮೂರು ವಲಯಗಳಿಗೇ ಮರಳಿತು. ಸೌತಾಂಪ್ಟನ್ ದ್ವೀಪದ ಕೋರಲ್ ಹಾರ್ಬರ್ ಮಾತ್ರ ಬೇಸಿಗೆ ಚಳಿಗಾಲ ಎನ್ನದೆ ವರ್ಷವಿಡೀ ಗಡಿಯಾರ ಮುಟ್ಟುವುದಿಲ್ಲ. ಸೂರ್ಯನ ಕಾರಣ ಇದ್ದೇ ಇತ್ತು. ಅದರ ಜತೆಗೆ ಇನ್ನೊಂದನ್ನೂ ನೋಡಬೇಕು: ಬಾಫಿನ್‌ನ ಅಂಗಡಿ, ಬ್ಯಾಂಕು, ವಿಮಾನಗಳ ವ್ಯವಹಾರವೆಲ್ಲ ಆಟವಾ, ಮಾಂಟ್ರಿಯಲ್‌ಗಳ ವೇಳೆಗೆ ಹೊಂದಿಕೊಂಡಿತ್ತು. ಕಿಟಿಕ್‌ಮಿಯೋಟ್‌ನದು ಯೆಲೋನೈಫ್, ಎಡ್ಮಂಟನ್‌ಗಳಿಗೆ. ಮೂರು ಗಡಿಯಾರಗಳು ಮೂರು ದಕ್ಷಿಣಗಳ ಗಡಿಯಾರಗಳು.

ನ್ಯಾಯದಾನದಲ್ಲಿ ಮಾತ್ರ ದೂರವನ್ನು ಒಪ್ಪಿಕೊಂಡೇ ವ್ಯವಸ್ಥೆ ಕಟ್ಟಿದ್ದಾರೆ. ಕೆನಡಾದ ಬೇರೆಡೆ ವಿಚಾರಣಾ ನ್ಯಾಯಾಲಯಗಳು ಎರಡು ಹಂತದವು. ನುನಾವುಟ್‌ನಲ್ಲಿ ಒಂದೇ ನ್ಯಾಯಾಲಯ ಎರಡರ ಕೆಲಸವನ್ನೂ ಮಾಡುತ್ತದೆ. ನ್ಯಾಯಾಧೀಶ, ವಕೀಲರು, ದುಭಾಷಿ, ಗುಮಾಸ್ತರೆಲ್ಲ ವಿಮಾನ ಹತ್ತಿ ಊರೂರಿಗೆ ಹೋಗಿ, ಸಮುದಾಯ ಭವನದಂಥ ಕಡೆ ಕಲಾಪ ನಡೆಸಿ ಬರುತ್ತಾರೆ. 1955ರಲ್ಲಿ ನೇಮಕವಾದ ನ್ಯಾಯಮೂರ್ತಿ ಜಾಕ್ ಸಿಸನ್ಸ್ ಹಾಕಿಕೊಟ್ಟ ಪದ್ಧತಿಯ ಮುಂದುವರಿಕೆಯಿದು. ಎರಡು ಹಂತವಿದ್ದರೆ ಎರಡು ತಂಡ ಹಾರಬೇಕು, ಒಂದೇ ಊರಿಗೆ ಎರಡು ಸಲ; ಅದನ್ನು ಉಳಿಸಿದ್ದು ಜಾಣತನ. ಶಾಸನಸಭೆಯೂ ಸಣ್ಣದು: ಮೊದಲು 19, 2013ರಿಂದ 22 ಸದಸ್ಯರು, ಪಕ್ಷಗಳಿಲ್ಲ. ಗೆದ್ದುಬಂದವರು ಒಟ್ಟಿಗೆ ಕೂತು ಗುಪ್ತ ಮತದಿಂದ ತಮ್ಮೊಳಗಿನಿಂದಲೇ ಪ್ರೀಮಿಯರ್ ಮತ್ತು ಮಂತ್ರಿಗಳನ್ನು ಆರಿಸುತ್ತಾರೆ. ಕೆನಡಾದ ಸಂಸತ್ತಿನ ಕೆಳಮನೆಗೆ ಇಡೀ ನುನಾವುಟ್‌ನಿಂದ ಹೋಗುವುದು ಒಬ್ಬರೇ.

ನೆಲದ ಒಡೆತನಕ್ಕೆ ಬಂದರೆ ಪದರಗಳು ಶುರುವಾಗುತ್ತವೆ. ನಮ್ಮ ಕಂದಾಯ ನಕ್ಷೆಯಲ್ಲಿ ಒಂದು ಗ್ರಾಮದ ಎಲ್ಲೆ ಮುಗಿದಲ್ಲಿ ಇನ್ನೊಂದರ ಎಲ್ಲೆ ಶುರು. ಊರಿಲ್ಲದ ನೆಲವೂ ಯಾವುದೋ ಒಂದು ಊರಿನ ಲೆಕ್ಕಕ್ಕೆ ಬರುತ್ತದೆ. ಅಲ್ಲಿ ಹಾಗಿಲ್ಲ. ಪುರಸಭೆಯ ಎಲ್ಲೆ ಊರಿನ ಸುತ್ತ ಒಂದಿಷ್ಟು ದೂರಕ್ಕೆ ಮುಗಿಯುತ್ತದೆ, ಆಚೆಗಿರುವುದನ್ನು ಜನಗಣತಿ ‘ಅಸಂಘಟಿತ’ ಎಂದು ಬರೆದುಕೊಳ್ಳುತ್ತದೆ. 1993ರ ಒಪ್ಪಂದದಿಂದ ಇನುಯಿಟ್‌ಗೆ ಸುಮಾರು 3.5 ಲಕ್ಷ ಚದರ ಕಿ.ಮೀ. ನೆಲ ಸ್ವಂತವಾಯಿತು, ಇಡೀ ಪ್ರದೇಶದ ಆರನೇ ಒಂದು ಭಾಗ. ಅದರಲ್ಲಿ ಸುಮಾರು ಹತ್ತನೇ ಒಂದು ಪಾಲಿನಲ್ಲಿ ಮಾತ್ರ ಒಳಗಿನ ಖನಿಜವೂ ಅವರದು. ಮೇಲ್ಮೈಯ ಹಕ್ಕನ್ನು ಮೂರು ವಲಯಗಳ ಇನುಯಿಟ್ ಸಂಘಗಳೂ ಖನಿಜದ ಹಕ್ಕನ್ನು ನುನಾವುಟ್ ಟುಂಗಾವಿಕ್ ಎಂಬ ಸಂಸ್ಥೆಯೂ ನೋಡಿಕೊಳ್ಳುತ್ತವೆ. ಜತೆಗೆ 14 ವರ್ಷಗಳಲ್ಲಿ 110 ಕೋಟಿ ಡಾಲರ್‌ಗೂ ಹೆಚ್ಚು ಪರಿಹಾರ ಬಂತು. ಬದಲಿಗೆ ಉಳಿದ ನೆಲದ ಮೇಲಿನ ಮೂಲ ಹಕ್ಕನ್ನು ಬಿಟ್ಟುಕೊಡಬೇಕಾಯಿತು. ಊರೊಳಗಿನ ನೆಲ ಪುರಸಭೆಯದು. ಮನೆ ಕಟ್ಟಿದವರಿಗೆ ಗೇಣಿಯ ಹಕ್ಕು ಮಾತ್ರ. ಮಾರುವ ಅಧಿಕಾರ ಪುರಸಭೆಗೆ ಬೇಕೇ ಎಂದು 2016ರ ಮೇ 9ರಂದು ಊರೂರಿನಲ್ಲಿ ಮತ ಕೇಳಿದರು. ಒಂದೂ ಊರು ಒಪ್ಪಲಿಲ್ಲ. ಹೊರಗಿನ ದುಡ್ಡು ಬಂದು ನೆಲ ಕೊಂಡುಬಿಟ್ಟೀತು ಎಂಬ ಅಂಜಿಕೆ ಇತ್ತು. ಅದಕ್ಕಿಂತ ಆಳದಲ್ಲಿ, ನೆಲವನ್ನು ತುಂಡು ಮಾಡಿ ಮಾರುವುದೇ ಬೇಟೆಗಾರರ ನಕ್ಷೆಯ ತರ್ಕಕ್ಕೆ ಒಗ್ಗದ ಮಾತು.

ನೌಕರಿಯಲ್ಲೂ ಎರಡು ನಕ್ಷೆಗಳ ಜಗಳವೇ. ಜನಸಂಖ್ಯೆಯಲ್ಲಿ ಇನುಯಿಟ್ ಶೇ. 85ರ ಆಸುಪಾಸು, ಸರ್ಕಾರಿ ಹುದ್ದೆಗಳಲ್ಲಿ ಅದೇ ಪ್ರಮಾಣ ಬರಬೇಕೆಂದು ಒಪ್ಪಂದದ 23ನೇ ವಿಧಿ ಹೇಳುತ್ತದೆ. 2006ರಲ್ಲಿ ಮಾಜಿ ನ್ಯಾಯಾಧೀಶ ಥಾಮಸ್ ಬರ್ಜರ್ ಒಪ್ಪಂದದ ಜಾರಿಯ ಬಗ್ಗೆ ವರದಿ ಕೊಟ್ಟಾಗ ಅದು ಅರ್ಧಕ್ಕೂ ಏರಿರಲಿಲ್ಲ, ಇದ್ದವರೂ ಕೆಳಗಿನ ಹುದ್ದೆಗಳಲ್ಲಿದ್ದರು. ಮನೆಯಲ್ಲಿ ಇನುಯಿಟ್ ಭಾಷೆ ಇನುಕ್ಟಿಟುಟ್ ಆಡುವ ಮಕ್ಕಳಿಗೆ ಶಾಲೆಯಲ್ಲಿ ಅದೂ ಇಂಗ್ಲಿಷೂ ಗಟ್ಟಿಯಾಗದೆ ಮೇಲಿನ ಹುದ್ದೆ ದಕ್ಕುವುದಿಲ್ಲ ಎಂದು ಅವರು ಕಾರಣವನ್ನು ಶಾಲೆಯಲ್ಲಿ ಗುರುತಿಸಿದರು. ಅದೇ ವರ್ಷ ಟುಂಗಾವಿಕ್ ಸಂಸ್ಥೆ, ಒಪ್ಪಂದ ಸರಿಯಾಗಿ ಜಾರಿಯಾಗಿಲ್ಲವೆಂದು, ಕೇಂದ್ರ ಸರ್ಕಾರದ ಮೇಲೆ ಮೊಕದ್ದಮೆ ಹೂಡಿತು. 2015ರಲ್ಲಿ 25.5 ಕೋಟಿ ಡಾಲರ್‌ಗೆ ರಾಜಿಯಾಯಿತು. ಅದರಲ್ಲಿ ದೊಡ್ಡ ಪಾಲು ತರಬೇತಿಗೆಂದು.

ಕೊನೆಗೆ ಅಧಿಕಾರದ ಮೂಲದ ಮಾತು: ಕೆನಡಾದಲ್ಲಿ ಪ್ರಾಂತಗಳಿಗೆ ಅಧಿಕಾರ ಬರುವುದು ಸಂವಿಧಾನದಿಂದ, ನುನಾವುಟ್‌ನಂಥ ಟೆರಿಟರಿಗಳಿಗೆ ಸಂಸತ್ತಿನ ಕಾಯ್ದೆಯಿಂದ. ನುನಾವುಟ್ ಸರ್ಕಾರದ ಆದಾಯದ ಬಹುಪಾಲು ಕೇಂದ್ರದ ಅನುದಾನ. ಇನುಯಿಟ್ ಒಡೆತನದ ನೆಲ ಬಿಟ್ಟು ಉಳಿದ ಸಾರ್ವಜನಿಕ ಭೂಮಿಯೂ ಅದರ ಖನಿಜವೂ ಕೇಂದ್ರದ ಕೈಯಲ್ಲೇ ಉಳಿದಿದ್ದವು. ಯೂಕಾನ್ ಪ್ರದೇಶಕ್ಕೆ 2003ರಲ್ಲಿ, ನಾರ್ತ್‌ವೆಸ್ಟ್ ಟೆರಿಟರೀಸ್‌ಗೆ 2014ರಲ್ಲಿ ಬಿಟ್ಟುಕೊಟ್ಟ ಹಕ್ಕಿದು. ನುನಾವುಟ್‌ಗೂ ಕೊಡುವ ಒಪ್ಪಂದಕ್ಕೆ 2024ರ ಜನವರಿ 18ರಂದು ಇಕಾಲುಯಿಟ್‌ನಲ್ಲಿ ಸಹಿಯಾಯಿತು. ಹಸ್ತಾಂತರದ ದಿನ 2027ರ ಏಪ್ರಿಲ್ 1. ಅಂದು ದಾಟಿ ಬರುವುದು ಸಾರ್ವಜನಿಕ ಭೂಮಿ, ಸಿಹಿನೀರು, ನೆಲದೊಳಗಿನ ಖನಿಜಗಳ ಆಡಳಿತ. ಕಡಲ ತಳ ಈ ಹಂತದಲ್ಲಿ ಸೇರಿಲ್ಲ, ಅದರ ಮಾತುಕತೆ ಮುಂದಕ್ಕೆ ಹೋಗಿದೆ. ದಡದಿಂದ ಆಚೆಗೆ ಬಾವಿ ಕೊರೆಯಲು ಯಾರಾದರೂ ಅರ್ಜಿ ಹಾಕಿದರೆ ಅದರ ತೀರ್ಮಾನ ಆಟವಾದ್ದೇ. 1976ರ ಹಾಳೆಗಳಲ್ಲಿ ಸೀಲ್ ಮತ್ತು ವಾಲ್ರಸ್ ಬೇಟೆಯ ಗೆರೆಗಳು ದಡಕ್ಕೆ ಬಂದು ನಿಂತಿರಲಿಲ್ಲ.